ಭಾನುವಾರ ಬರುವ ಮಹನೀಯರು

ಸಿರಿಲ್ ಪಾಡ್ಮೋರ್ ಇಪ್ಪತ್ತಾರು ವರ್ಷಗಳಿಂದ ಪರರು ಕಳೆದುಕೊಂಡದ್ದನ್ನು ಹುಡುಕಿಕೊಡುತ್ತ ಬಂದಿದ್ದ. ಥಾರ್ನ್‌ಸೀ ರೈಲು ನಿಲ್ದಾಣದ ಕೊನೆಯ ಮೂಲೆಯಲ್ಲಿ, ಕಕ್ಕಸಿನ ಪಕ್ಕಕ್ಕೆ, ‘ಕಳೆದ ವಸ್ತುಗಳ ಕಚೇರಿ’ ಎಂಬ ಬೋರ್ಡು ಹೊತ್ತ ಒಂದು ಕೋಣೆಯಿತ್ತು. ಅದಕ್ಕೆ ಅವನೇ ಮುಖ್ಯಸ್ಥ, ಅವನೇ ಗುಮಾಸ್ತ, ಅವನೇ ಜವಾನ. ಛತ್ರಿ, ಕೈಚೀಲ, ಹಲ್ಲಿನ ಸೆಟ್ಟು, ಒಂದು ಸಲ ಜೀವಂತ ಆಮೆ, ಹೀಗೆ ರೈಲಿನಲ್ಲಿ ಯಾರು ಏನೇ ಬಿಟ್ಟುಹೋಗಲಿ, ಅದರ ಚಹರೆಯನ್ನೆಲ್ಲ ಅವನು ಹದಿನೇಳನೇ ನಮೂನೆಯಲ್ಲಿ ಭರ್ತಿ ಮಾಡುತ್ತಿದ್ದ. ಆ ವರ್ಣನೆ ಎಷ್ಟು ಕರಾರುವಾಕ್ಕಾಗಿರುತ್ತಿತ್ತೆಂದರೆ, ವಸ್ತುವನ್ನು ನೋಡದೆ ನಮೂನೆಯನ್ನಷ್ಟೇ ಓದಿ ‘ಅಯ್ಯೋ, ಇದು ನಂದೇ’ ಎಂದು ಕಣ್ಣೊರೆಸಿಕೊಂಡವರೂ ಇದ್ದರು. ತನ್ನ ಸ್ವಂತ ಕನ್ನಡಕ ಮಾತ್ರ ಹಣೆಯ ಮೇಲಿದ್ದರೂ ಅವನಿಗೆ ಸಿಗುತ್ತಿರಲಿಲ್ಲ. ಅದನ್ನು ಹುಡುಕಿಕೊಡುವುದು ಹೆಂಡತಿ ಎನಿಡ್‌ಳ ಇಲಾಖೆ.

ಇಂಥ ಮನುಷ್ಯ ಆ ವಸಂತದಲ್ಲಿ ಮನೆ ಕೊಳ್ಳಲು ಹೊರಟ. ಹೊರಟದ್ದು ಶೋಕಿಗಲ್ಲ. ಗಂಡಹೆಂಡಿರು ಇದ್ದದ್ದು ಕರಿದ ಮೀನಿನ ಅಂಗಡಿಯ ಮೇಲೆ, ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ನಲವತ್ತಾರು ಮೆಟ್ಟಿಲು. ಎನಿಡ್‌ಳ ಮಂಡಿಗಳು ಎರಡು ವರ್ಷದ ಹಿಂದೆಯೇ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ಫೆಬ್ರವರಿಯಿಂದೀಚೆಗೆ ಅವಳು ಬೀದಿಗೆ ಇಳಿದೇ ಇರಲಿಲ್ಲ. ಜಾಮಿನ ಡಬ್ಬಿಗಳಲ್ಲಿ ಸ್ವೀಟ್ ಪೀ ಹೂಬಳ್ಳಿಯ ಸಸಿಗಳನ್ನು ಎಬ್ಬಿಸಿ ಕಿಟಕಿಯ ಅಂಚಿಗೆ ಸಾಲಾಗಿಟ್ಟು, ‘ಇವಕ್ಕೆ ಒಂದು ಗೇಣು ನೆಲ ಸಿಕ್ಕರೆ ಸಾಕು’ ಎನ್ನುತ್ತ ಕೂತಿದ್ದಳು.

ನೆಲ ಸಿಕ್ಕಿತು. ಊರಾಚೆ ಫರ್ನ್ ಲೇನಿನಲ್ಲಿ ಅಮೋಸ್ ಬಿನ್ಸ್ ಎಂಬ ನಿವೃತ್ತ ಕಟುಕರದು ಒಂದೇ ಅಂತಸ್ತಿನ ಪುಟ್ಟ ಮನೆ. ಹೆಸರು ‘ಸೀ ವ್ಯೂ’. ಸಮುದ್ರ ಕಾಣಬೇಕಾದರೆ ಹೊಗೆಗೂಡಿನ ಮೇಲೆ ಹತ್ತಬೇಕು. ಆದರೆ ಗೇಟಿನ ಬಳಿ ಒಂದೇ ಒಂದು ಮೆಟ್ಟಿಲು, ಹಿಂದೆ ಕೈತೋಟ. ಐದು ಸಾವಿರದ ಇನ್ನೂರು ಪೌಂಡಿಗೆ ಮಾತಾಯಿತು. ಬಿನ್ಸ್ ಕೈ ಚಾಚಿದರು. ಅವರ ಹೆಬ್ಬೆರಳೊಂದೇ ಕಾಲು ಪೌಂಡು ತೂಗುವಂತಿತ್ತು.

“ಮೂವತ್ತೈದು ವರ್ಷ ತಕ್ಕಡಿ ಹಿಡಿದ ಕೈ ಇದು, ಪಾಡ್ಮೋರ್. ನನ್ನ ಮಾತು ಅಂದ್ರೆ ಮಾತು” ಎಂದು ಎರಡು ಸಲ ಕೈ ಕುಲುಕಿದರು. ಸಿರಿಲ್ ಮನೆಗೆ ಬರುವವರೆಗೂ ಬೆರಳುಗಳನ್ನು ಎಣಿಸಿಕೊಳ್ಳುತ್ತಿದ್ದ.

ಮಾರನೆಯ ದಿನದಿಂದ ಅವನ ನಡಿಗೆಯೇ ಬದಲಾಯಿತು. “ನಾವು ಒಂದು ಮನೆ ತಗೊಂಡ್ವಿ” ಎಂದು ಟಿಕೆಟ್ ಗುಮಾಸ್ತರಿಗೆ ಹೇಳಿದ, ಹಮಾಲರಿಗೆ ಹೇಳಿದ, ಛತ್ರಿ ಕೇಳಲು ಬಂದ ಪಾದ್ರಿಗೂ ಹೇಳಿದ. ಎನಿಡ್‌ಳ ಅಕ್ಕ, ಮಾಡ್ ಎಂಬಾಕೆ, ಮೂವತ್ತು ಗಜ ಹೂವಿನ ಬಟ್ಟೆ ತಂದು ಪರದೆ ಹೊಲಿಯಲು ಕೂತೇಬಿಟ್ಟಳು. ಕರಾರುಪತ್ರಗಳು ಇನ್ನೂ ಕೈ ಬದಲಾಗಿಲ್ಲ ಎಂಬ ಸಣ್ಣ ವಿಷಯ ಯಾರಿಗೂ ನೆನಪಾಗಲಿಲ್ಲ.

ಆ ಭಾನುವಾರ ಮಧ್ಯಾಹ್ನ ಸಿರಿಲ್ ತನ್ನ ಕಂದು ಬಣ್ಣದ ನಾಯಿ ಜಿಂಜರನ್ನು ಕರೆದುಕೊಂಡು ಫರ್ನ್ ಲೇನಿಗೆ ಹೋದ. ಮೊದಲ ಸಲ ಮನೆ ನೋಡಲು ಹೋದಾಗ ಸೂಟು ಹಾಕಿದ್ದ. ಇವತ್ತು ಹಳೆಯ ಬೂದು ಮಳೆಕೋಟು, ತಲೆಗೊಂದು ಕ್ಯಾಪು. ಹೋದ ಕಾರಣ ಇಷ್ಟೆ: ಬಸ್ ನಿಲ್ದಾಣದಿಂದ ಗೇಟಿನವರೆಗೆ ಎಷ್ಟು ಹೆಜ್ಜೆ, ಗೇಟಿನ ಮೆಟ್ಟಿಲು ಎಷ್ಟು ಎತ್ತರ ಎಂದು ಎನಿಡ್‌ಳ ಮಂಡಿಯ ಪರವಾಗಿ ಅಳೆದು ಬರುವುದು. ಆದರೆ ಮಾತಾಗಿರುವ ಮನೆಯ ಮುಂದೆ ಕರೆಯದೆ ಹೋಗಿ ಸುಳಿದಾಡುವುದು ಮರ್ಯಾದಸ್ಥರ ಲಕ್ಷಣವಲ್ಲವಲ್ಲ! ಅದಕ್ಕೇ ಅವನು ಎರಡು ಗಂಟೆಯ ಹೊತ್ತನ್ನು ಆರಿಸಿಕೊಂಡಿದ್ದ. ಭಾನುವಾರದ ಊಟ ಮುಗಿಸಿ ಬಿನ್ಸ್ ಹೊಡೆಯುವ ಗೊರಕೆ ಬೀದಿಗೆ ಕೇಳಿಸುತ್ತಿತ್ತು.

“ನೂರಾಹನ್ನೊಂದು, ನೂರಾಹನ್ನೆರಡು” ಎಂದು ಗೇಟಿನ ಮುಂದೆ ನಿಂತ. ಬಗ್ಗಿ ಗೇಣಿನಿಂದ ಮೆಟ್ಟಿಲು ಅಳೆದ. ಎದ್ದಾಗ ಪಕ್ಕದ ಮನೆಯ ಬೇಲಿಯ ಹಿಂದಿನಿಂದ ಒಂದು ಹುಲ್ಲಿನ ಟೋಪಿ ನೋಡುತ್ತಿತ್ತು. ಅದರ ಕೆಳಗೆ ಮಿಸ್ ಡಿಂಗ್ಲಿ ಇದ್ದರು, ಹೂವಿನ ಪಾತಿಯಲ್ಲಿ ಮೊಣಕಾಲೂರಿ ಕಳೆ ಕೀಳುತ್ತಿದ್ದರು. ಫರ್ನ್ ಲೇನಿನಲ್ಲಿ ಯಾವ ಬೆಕ್ಕು ಯಾವ ಗೋಡೆ ಹಾರಿತು ಎಂಬುದರಿಂದ ಹಿಡಿದು ಸಕಲವೂ ಆಕೆಗೆ ತಿಳಿದಿರುತ್ತಿತ್ತು.

“ಮೋಡ ಕಟ್ತಾ ಇದೆ” ಎಂದರು ಮಿಸ್ ಡಿಂಗ್ಲಿ.

“ಕಟ್ತಾ ಇದೆ. ಆದರೆ ಸುರಿಯಲಿಕ್ಕಿಲ್ಲ.”

“ಸುರಿದರೂ ಸುರೀಬಹುದು.”

“ಸುರಿದರೂ ಸುರೀಬಹುದು” ಎಂದು ಸಿರಿಲ್ ಒಪ್ಪಿದ. ಹವಾಮಾನ ಮುಗಿಯಿತು. ಮಿಸ್ ಡಿಂಗ್ಲಿ ಕಳೆಯ ಗಿಡವೊಂದನ್ನು ಕೊಡವುತ್ತ, “ಮನೆ ನೋಡ್ತಾ ಇದ್ದೀರ ಅಂತ ಕಾಣತ್ತೆ?” ಎಂದರು.

‘ನಾನೇ ಇದನ್ನು ಕೊಳ್ಳುತ್ತಿರುವವನು’ ಎಂದು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೆಟ್ಟಿಲಿಗೆ ಗೇಣು ಹಾಕುತ್ತಿದ್ದಾಗ ಸಿಕ್ಕಿಬಿದ್ದವನು ಹೆಸರು ಹೇಳಿಕೊಳ್ಳುತ್ತಾನೆಯೇ? ಹಾಗೆಯೇ, ಪರಿಚಯ ಮಾಡಿಸುವವರು ಇಲ್ಲದೆ ಗಂಡಸೊಬ್ಬನ ಹೆಸರು ಕೇಳುವುದು ಮಿಸ್ ಡಿಂಗ್ಲಿಯವರ ಲೆಕ್ಕದಲ್ಲಿ ಅವನ ಜೇಬಿಗೆ ಕೈಹಾಕಿದಷ್ಟೇ ಅಪರಾಧ. ಸಿರಿಲ್ ಗಂಟಲು ಸರಿಮಾಡಿಕೊಂಡು, ಪರಮ ನಿರ್ಲಿಪ್ತನ ಧ್ವನಿಯಲ್ಲಿ, “ಹೀಗೇ ವಾಯುಸೇವನೆಗೆ ಬಂದಿದ್ದೆ. ಅಂದವಾದ ಮನೆ. ಇಂಥ ಮನೆಗೆ ಎಷ್ಟು ಕೊಟ್ಟರೂ ಹೆಚ್ಚಲ್ಲ, ನೋಡಿ” ಎಂದ.

ಹೇಳಿ, ಕ್ಯಾಪು ಎತ್ತಿ ವಂದಿಸಿ, ನಾಯಿಯನ್ನು ಎಳೆದುಕೊಂಡು ಹೋದ. ತಾನು ತುಂಬ ಚಾಣಾಕ್ಷತನದಿಂದ ಪಾರಾದೆ ಎಂದು ಬಸ್ಸಿನಲ್ಲಿ ಬೀಗುತ್ತಿದ್ದ. ಬಿನ್ಸ್ ನಿದ್ದೆಯಿಂದೆದ್ದು ಆಕಳಿಸುವ ಹೊತ್ತಿಗೆ ಬೇಲಿಯ ಮೇಲೆ ಹುಲ್ಲಿನ ಟೋಪಿ ಕಾಣಿಸಿಕೊಂಡಿತ್ತು.

ಬುಧವಾರ ಕಚೇರಿಗೆ ಫೋನು ಬಂತು. ಮನೆ ಮಾರಾಟದ ಏಜೆಂಟ್ ಫ್ಯಾನ್‌ಶಾ. ಆತನ ಧ್ವನಿ ಯಾವಾಗಲೂ ಸಾವಿನ ಮನೆಗೆ ಬಂದವರ ಹಾಗೆ.

“ಮಿಸ್ಟರ್ ಪಾಡ್ಮೋರ್, ಹೇಳೋದಕ್ಕೆ ಸಂಕಟ ಆಗತ್ತೆ. ಮನೆಗೆ ಇನ್ನೊಂದು ಗಿರಾಕಿ ಹುಟ್ಟಿದೆ. ಭಾರೀ ಕುಳ ಅಂತೆ. ಎಷ್ಟು ಬೇಕಾದರೂ ಕೊಡ್ತಾರಂತೆ. ಮಿಸ್ಟರ್ ಬಿನ್ಸ್ ಇನ್ನೂರು ಪೌಂಡ್ ಹೆಚ್ಚಿಗೆ ಕೇಳ್ತಿದಾರೆ.”

“ಆದರೆ ಅವರು ಕೈ ಕುಲುಕಿದ್ದರಲ್ಲ!”

“ಕುಲುಕಿದ ಕೈಯಿಂದಲೇ ನನಗೆ ಫೋನ್ ಮಾಡಿದ್ರು, ಸಾರ್.”

ಇನ್ನೊಬ್ಬನಾಗಿದ್ದರೆ ಮೇಜು ಗುದ್ದುತ್ತಿದ್ದ. ಸಿರಿಲ್ ತನ್ನ ಕಾಲನ್ನು ತುಳಿದವರಿಗೂ ‘ಕ್ಷಮಿಸಿ’ ಎನ್ನುವ ಜಾತಿಯವನು. “ನಿಮಗೆ ಇಷ್ಟೆಲ್ಲ ತೊಂದರೆ ಆಯ್ತಲ್ಲ, ಕ್ಷಮಿಸಿ” ಎಂದು ಫ್ಯಾನ್‌ಶಾನಿಗೇ ಸಮಾಧಾನ ಹೇಳಿ, ಐದು ಸಾವಿರದ ನಾನೂರಕ್ಕೆ ಒಪ್ಪಿಕೊಂಡ. ಅಲ್ಲಿಗೆ ಅವರ ಗಂಟು ಖಾಲಿ. ಎನಿಡ್‌ಗೆ ಹೇಳಲಿಲ್ಲ.

ಅಲ್ಲಿಂದ ನೇರ ವಕೀಲ ಪೋಲ್‌ಗ್ರೀನರ ಕಚೇರಿಗೆ ಓಡಿದ. ಪೋಲ್‌ಗ್ರೀನ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಸಾವಿರ ಸಲ ಕೈ ಕುಲುಕಿದರೂ ಅಷ್ಟೇ, ಮಿಸ್ಟರ್ ಪಾಡ್ಮೋರ್. ಎರಡೂ ಕಡೆ ಸಹಿ ಆದ ಕರಾರುಪತ್ರ ಅದಲುಬದಲು ಆಗೋವರೆಗೆ ನೀವು ಅವರಿಗೆ ಏನೂ ಅಲ್ಲ, ಅವರು ನಿಮಗೆ ಏನೂ ಅಲ್ಲ.”

“ಅದು ಯಾವಾಗ ಆಗತ್ತೆ, ಸಾರ್?”

“ಅವರ ವಕೀಲರಿಗೆ ನಾನು ಪತ್ರ ಬರೆದಿದೀನಿ. ಚರಂಡಿ ವಿಚಾರವಾಗಿ.”

“ಉತ್ತರ ಬಂತಾ?”

“ಬಂತು. ಯಾವ ಚರಂಡಿ ಅಂತ ಕೇಳಿದಾರೆ.”

ಬಿನ್ಸರ ವಕೀಲರ ಕಚೇರಿ ಅದೇ ಬೀದಿಯಲ್ಲಿ, ಎದುರಿಗೇ. ಇವರು ಸೀನಿದರೆ ಅವರಿಗೆ ಕೇಳಿಸುತ್ತದೆ. ಆದರೂ ಪತ್ರಗಳು ಅಂಚೆಡಬ್ಬಿಗೆ ಬಿದ್ದು, ಜಿಲ್ಲಾ ಕೇಂದ್ರಕ್ಕೆ ಹೋಗಿ, ಮೂರು ದಿನ ಮೊಹರು ಹಾಕಿಸಿಕೊಂಡು ಬೀದಿ ದಾಟುತ್ತಿದ್ದವು.

“ಆ ಇನ್ನೊಬ್ಬ ಗಿರಾಕಿ ಯಾರು ಅಂತ ಗೊತ್ತಾದ್ರೆ...” ಎಂದ ಸಿರಿಲ್.

“ಗೊತ್ತಾದ್ರೆ ಏನ್ ಮಾಡ್ತೀರ?”

ಸಿರಿಲ್ ಯೋಚಿಸಿದ. “ಚಹರೆ ಬರ್ಕೋತೀನಿ” ಎಂದ. ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಎರಡನೆಯ ಭಾನುವಾರ. ಅದೇ ಕೋಟು, ಅದೇ ಕ್ಯಾಪು, ಅದೇ ನಾಯಿ. ಜೇಬಿನಲ್ಲಿ ಹದಿನೇಳನೇ ನಮೂನೆಯ ಒಂದು ಪ್ರತಿ. ಗೊರಕೆ ಎಂದಿನ ಹಾಗೆ ನಡೆಯುತ್ತಿತ್ತು. ಮಿಸ್ ಡಿಂಗ್ಲಿ ಎಂದಿನ ಹಾಗೆ ಪಾತಿಯಲ್ಲಿ ಮೊಣಕಾಲೂರಿದ್ದರು. ಕೆಳಗಿನಿಂದ ತಲೆಯೆತ್ತಿ ನೋಡುವವರಿಗೆ ಸಿರಿಲ್‌ನಂಥ ಐದಡಿ ನಾಲ್ಕಂಗುಲದ ಮನುಷ್ಯನೂ ಗೋಪುರದ ಹಾಗೆ ಕಾಣುತ್ತಾನೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಗಾಳಿ, ಮೋಡ, ಮೇ ತಿಂಗಳ ಚಳಿ, ಮೂರನ್ನೂ ಮುಗಿಸಿದ ಮೇಲೆ ಸಿರಿಲ್ ಕೇಳಿದ: “ಈ ಮನೆಗೆ ಗಿರಾಕಿಗಳು ಬಹಳ ಇರಬೇಕಲ್ವಾ?”

“ಒಬ್ಬ ಗುಮಾಸ್ತ ಇದಾನಂತೆ. ಇನ್ನೂರು ಏರಿಸಿದ್ರೆ ಅವನೇ ಕ್ಷಮೆ ಕೇಳಿದ್ನಂತೆ! ಅಮೋಸ್ ಹೇಳಿ ಹೇಳಿ ನಕ್ರು.”

ಸಿರಿಲ್‌ನ ಕಿವಿ ಕೆಂಪಾಯಿತು. “ಪಾಪ, ಒಳ್ಳೆಯವನಿರಬೇಕು” ಎಂದ. “ಅವನಲ್ಲದೆ ಬೇರೆ ಯಾರಾದರೂ...?”

ಮಿಸ್ ಡಿಂಗ್ಲಿ ಅರ್ಥಗರ್ಭಿತವಾಗಿ ನಕ್ಕರು. ಎದುರಿಗಿರುವವರ ಬಗ್ಗೆ ಎದುರಿಗೇ ಮಾತಾಡುವುದು ಒರಟುತನ. ಸಭ್ಯರು ಸುತ್ತುಬಳಸಿ ಮೂರನೆಯವರ ಬಗ್ಗೆ ಹೇಳಿದ ಹಾಗೆ ಹೇಳುತ್ತಾರೆ. ಕೇಳುವವರೂ ಸಭ್ಯರಾದರೆ ಅರ್ಥಮಾಡಿಕೊಳ್ಳುತ್ತಾರೆ.

“ಇದಾರೆ, ಇದಾರೆ. ಒಬ್ಬ ಮಹನೀಯರು. ಭಾನುವಾರ ಭಾನುವಾರ ಬರ್ತಾರೆ.”

“ಭಾನುವಾರವಾ!” ಸಿರಿಲ್ ಗಾಬರಿಯಿಂದ ಬೀದಿಯ ಎರಡೂ ತುದಿ ನೋಡಿದ. “ಹೇಗಿದಾರೆ?”

ಹೊಗಳಿಸಿಕೊಳ್ಳುವ ಆಸೆ ಯಾರಿಗಿಲ್ಲ ಎಂದುಕೊಂಡರು ಮಿಸ್ ಡಿಂಗ್ಲಿ. “ಎತ್ತರವಾದ ಆಳು. ಗಂಭೀರ ಮುಖ. ಮೃದುವಾದ ಮಾತು. ಜೊತೆಗೊಂದು ಕಂದು ನಾಯಿ.”

“ನಾಯಿ ಬೇರೆ! ಎಂಥ ನಾಯಿ?”

“ಬಹಳ ಮುದ್ದಾದ ನಾಯಿ. ಒಂದು ಕಿವಿ ಮಡಚಿದೆ.”

ಜಿಂಜರ್ ತನ್ನ ಮಡಚಿದ ಕಿವಿಯನ್ನು ಕೆರೆದುಕೊಂಡಿತು. ಸಿರಿಲ್ ನಮೂನೆಯನ್ನು ಬೆನ್ನ ಹಿಂದೆ ಹಿಡಿದು ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದ.

“ಶ್ರೀಮಂತರೇ?”

“ಅದು ಕೇಳಬೇಕೆ? ಕೋಟು ನೋಡಿದರೇ ಗೊತ್ತಾಗತ್ತೆ. ಹೊಸದಾಗಿ ದುಡ್ಡು ಕಂಡವರು ಹೊಸ ಕೋಟು ಹಾಕ್ತಾರೆ. ಇವರದು ಎಂಟು ಹತ್ತು ವರ್ಷದ ಹಳೇ ಕೋಟು, ಬೆನ್ನಿನ ಹೊಲಿಗೆ ಬಿಟ್ಟಿರೋದನ್ನ ಹಸಿರು ದಾರದಲ್ಲಿ ಹೊಲಿಸಿಕೊಂಡಿದಾರೆ. ಬೂದು ಕೋಟಿಗೆ ಹಸಿರು ದಾರ! ಎಷ್ಟು ತಲೆಮಾರಿನ ಆಸ್ತಿ ಇದ್ದರೆ ಮನುಷ್ಯನಿಗೆ ಅಷ್ಟು ಅಲಕ್ಷ್ಯ ಬರಬೇಕು, ಹೇಳಿ!”

ಸಿರಿಲ್ ಹಸಿರು ದಾರವನ್ನೂ ಬರೆದುಕೊಂಡ. ತನ್ನ ಬೆನ್ನನ್ನು ಯಾರು ತಾನೆ ನೋಡಿಕೊಂಡಿರುತ್ತಾರೆ?

“ಆ ಮಹನೀಯರು ಎಷ್ಟರವರೆಗೆ ಹೋಗಬಹುದು ಅಂತ ನಿಮಗನ್ನಿಸತ್ತೆ?” ಎಂದು ಮಿಸ್ ಡಿಂಗ್ಲಿ ಮೆಲ್ಲನೆ, ಹೂವಿನ ಕಡೆ ನೋಡುತ್ತ ಕೇಳಿದರು.

“ಅಂಥವರು ಆರು ಸಾವಿರವನ್ನೂ ಲೆಕ್ಕಕ್ಕಿಡೋದಿಲ್ಲ ಬಿಡಿ” ಎಂದ ಸಿರಿಲ್ ನಿಟ್ಟುಸಿರು ಬಿಟ್ಟು.

ಮಂಗಳವಾರ ಫ್ಯಾನ್‌ಶಾನ ಫೋನು ಬಂತು. ಬೆಲೆ ಆರು ಸಾವಿರ. ಒಂದು ವಾರದ ಗಡುವು. ಈ ಸಲ ಸಿರಿಲ್ ಕ್ಷಮೆಯನ್ನೂ ಕೇಳದೆ ಫೋನು ಇಟ್ಟ.

ಅಂದು ಮನೆಯಲ್ಲಿ ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದ. ಎರಡನೆಯ ಲೋಟಕ್ಕೂ ಹಾಕಿಕೊಂಡಾಗ ಎನಿಡ್, “ಸಿರಿಲ್, ಏನಾಯ್ತು ಹೇಳು” ಎಂದಳು. ಅವನು ಹೇಳಿದ. ಹೊಲಿಗೆ ಯಂತ್ರದ ಮುಂದಿದ್ದ ಅತ್ತಿಗೆ ಮಾಡ್ ಕಾಲು ನಿಲ್ಲಿಸಿದಳು.

“ಆರು ಸಾವಿರ! ಆ ಕಟುಕನನ್ನ ಅವನ ಕೊಕ್ಕೆಗೇ ನೇತುಹಾಕಬೇಕು! ಇಪ್ಪತ್ತೆರಡು ಗಜ ಹೊಲಿದಿದೀನಿ. ಈ ಪರದೆ ಯಾರ ಕಿಟಕಿಗೆ ಹಾಕ್ಲಿ? ಊರೆಲ್ಲ ಮನೆ ತಗೊಂಡೆ ಅಂತ ಡಂಗುರ ಹೊಡ್ಕೊಂಡು ಬಂದ್ಯಲ್ಲ ನೀನು!”

“ಮಾಡ್, ಸುಮ್ನಿರು” ಎಂದಳು ಎನಿಡ್. ಅವಳು ಅಳಲಿಲ್ಲ, ಬೈಯಲಿಲ್ಲ. ಕಿಟಕಿಯ ಅಂಚಿನ ಡಬ್ಬಿಗಳನ್ನು ಸುಮ್ಮನೆ ಒಂದೊಂದಾಗಿ ಬಿಸಿಲಿಗೆ ತಿರುಗಿಸಿಟ್ಟಳು. ಸಸಿಗಳು ಹಿಡಿದುಕೊಳ್ಳಲು ಏನೂ ಇಲ್ಲದೆ ಒಂದರ ಕುತ್ತಿಗೆ ಒಂದು ಸುತ್ತಿಕೊಂಡಿದ್ದವು. “ಈ ವರ್ಷ ಡಬ್ಬಿಯಲ್ಲೇ ಇರ್ತವೆ ಬಿಡು” ಎಂದಳು. ಬೈದಿದ್ದರೆ ಸಿರಿಲ್ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ.

ಬುಧವಾರ ಕಚೇರಿಯ ಬಾಗಿಲು ಹಾಕಿಕೊಂಡು ಒಂದು ಪತ್ರ ಬರೆದ. ಎಷ್ಟಾದರೂ ಆ ಶ್ರೀಮಂತರು ಮಹನೀಯರು; ವಿಷಯ ತಿಳಿದರೆ ಹಿಂದೆ ಸರಿದಾರು. ಹೆಸರು ವಿಳಾಸ ಗೊತ್ತಿಲ್ಲದ್ದರಿಂದ ಲಕೋಟೆಯ ಮೇಲೆ ‘ಭಾನುವಾರ ಕಂದು ನಾಯಿಯೊಡನೆ ಬರುವ ಮಹನೀಯರಿಗೆ, ಮಿಸ್ ಡಿಂಗ್ಲಿಯವರ ಕೃಪೆಯಿಂದ’ ಎಂದು ಬರೆದು ಅಂಚೆಗೆ ಹಾಕಿದ. ಹಾಕಿದ ಮೇಲೆ ಎನಿಡ್‌ಗೆ ಹೇಳಿದ.

“ಭಾನುವಾರ ನಾನೂ ಬರ್ತೀನಿ. ಆ ಮಹನೀಯರ ಮುಖಾನ ನಾನೇ ನೋಡಿ ಕೇಳ್ತೀನಿ” ಎಂದಳು ಎನಿಡ್.

“ನಲವತ್ತಾರು ಮೆಟ್ಟಿಲು, ಎನಿಡ್!”

“ನಂಗೆ ಎಣಿಸೋಕೆ ಬರತ್ತೆ.”

ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಪ್ರತಿ ಮಹಡಿಯ ತಿರುವಿನಲ್ಲೂ ಮೀನಿನಂಗಡಿಯಾತ ಒಂದೊಂದು ಕುರ್ಚಿ ಹಾಕಿಸಿದ್ದ. ಕೆಳಗೆ ಬಂದಾಗ ಎನಿಡ್‌ಳ ಮುಖ ಬಿಳಿಚಿಕೊಂಡಿತ್ತು, ಆದರೆ ಮೂರು ತಿಂಗಳ ಮೇಲೆ ಬೀದಿ ಕಂಡ ಕಣ್ಣುಗಳು ಹೊಳೆಯುತ್ತಿದ್ದವು. ಬಸ್ಸು ಹತ್ತಿದರು. ನಿಲ್ದಾಣದಿಂದ ಗೇಟಿನವರೆಗೆ ಅವಳ ನಡಿಗೆಯಲ್ಲಿ ನೂರಾಹನ್ನೆರಡಲ್ಲ, ನೂರಾ ತೊಂಬತ್ತು ಹೆಜ್ಜೆ. ‘ಸೀ ವ್ಯೂ’ ಮುಂದಿನ ಮೋಟುಗೋಡೆಯ ಮೇಲೆ ಅವಳನ್ನು ಕೂರಿಸಿ ಸಿರಿಲ್ ಹಣೆಯೊರೆಸಿಕೊಂಡ. ಒಳಗೆ ಗೊರಕೆ ಶ್ರುತಿ ಹಿಡಿದಿತ್ತು.

ಮಿಸ್ ಡಿಂಗ್ಲಿ ಅಂದು ಕಾದೇ ಇದ್ದರು. ಕೈತೋಟದ ಕೈಚೀಲ ಬಿಚ್ಚಿ ಲಕೋಟೆ ತೆಗೆದು ಸಿರಿಲ್‌ನ ಕೈಗಿತ್ತು, “ನಿಮಗೊಂದು ಪತ್ರ ಬಂದಿದೆ” ಎಂದರು.

ಸಿರಿಲ್ ತನ್ನದೇ ಅಕ್ಷರ ನೋಡಿ ಮಂಕಾದ. “ಅಯ್ಯೋ. ಅವರು ತಗೊಳ್ಳಲಿಲ್ವಾ?”

“ಯಾರು?”

“ಭಾನುವಾರ ಬರೋ ಮಹನೀಯರು.”

ಮಿಸ್ ಡಿಂಗ್ಲಿಯ ಹುಲ್ಲಿನ ಟೋಪಿ ಒಂದು ಪಕ್ಕಕ್ಕೆ ವಾಲಿತು. “ಈಗ ತಾನೇ ತಗೊಂಡ್ರಲ್ಲ!”

“ಈಗಲಾ! ಎಲ್ಲಿ? ಯಾವ ಕಡೆ ಹೋದ್ರು?” ಸಿರಿಲ್ ಗರಗರನೆ ತಿರುಗಿ ಬೀದಿಯ ಆ ತುದಿ ಈ ತುದಿ ಹುಡುಕಿದ. ಹಗ್ಗ ಕಾಲಿಗೆ ಸುತ್ತಿಕೊಂಡು ಜಿಂಜರ್ ಕೂಡ ತಿರುಗಿತು. ತಿರುಗುವಾಗ ಅವನ ಬೆನ್ನು ಎನಿಡ್‌ಳ ಮೂಗಿನ ಮುಂದೆ ಬಂತು.

“ಸಿರಿಲ್” ಎಂದಳು ಎನಿಡ್ ಬಹಳ ಸಾವಕಾಶವಾಗಿ, “ಆ ಮಹನೀಯರ ಚಹರೆ ಬರೆದುಕೊಂಡಿದೀನಿ ಅಂದೆಯಲ್ಲ, ಕೊಡು ಇಲ್ಲಿ.”

ಅವನು ಹೆಮ್ಮೆಯಿಂದಲೇ ನಮೂನೆ ಕೊಟ್ಟ. ಎನಿಡ್ ಗಟ್ಟಿಯಾಗಿ ಓದಿದಳು: “ಮಹನೀಯರು, ಒಬ್ಬರು. ಎತ್ತರ. ಗಂಭೀರ ಮುಖ.” ಇಲ್ಲಿ ಗಂಡನ ಮುಖ ನೋಡಿದಳು. “ಕಂದು ನಾಯಿ, ಒಂದು; ಕಿವಿ ಮಡಚಿದೆ. ಬೂದು ಮಳೆಕೋಟು, ಹಳೆಯದು. ಬೆನ್ನಿನ ಹೊಲಿಗೆ ಹಸಿರು ದಾರ.” ಓದುವುದನ್ನು ನಿಲ್ಲಿಸಿದಳು. “ಕ್ರಿಸ್‌ಮಸ್ ಹಿಂದಿನ ದಿನ ಬೂದು ದಾರ ಮುಗಿದಿತ್ತು, ಸಿರಿಲ್. ನಾನು ಹಸಿರು ದಾರದಲ್ಲೇ ಹೊಲಿದೆ.”

“ಯಾರ ಕೋಟನ್ನ?”

“ನಿನ್ನ ಕೋಟನ್ನ.”

ಸಿರಿಲ್ ಕೋಟು ಬಿಚ್ಚಿ, ತಿರುಗಿಸಿ, ಹಸಿರು ದಾರದ ಮೇಲೆ ಬೆರಳಾಡಿಸಿದ. ನಾಯಿಯ ಕಿವಿ ನೋಡಿದ. ಮತ್ತೆ ದಾರ ನೋಡಿದ.

“ಹಾಗಾದರೆ ಆರು ಸಾವಿರ ಕೊಡ್ತೀನಿ ಅಂದವನು...”

“ನೀನೇ.”

“ನನ್ನ ಹತ್ರ ಅಷ್ಟೆಲ್ಲಿದೆ?” ಎಂದ ಸಿರಿಲ್ ಕಂಗಾಲಾಗಿ.

ಮಿಸ್ ಡಿಂಗ್ಲಿಗೆ ಈಗ ಅರ್ಥವಾಯಿತು. ತಾನು ಬೇಲಿಯ ಮೇಲಿಂದ ದಾಟಿಸಿದ ಒಂದೊಂದು ಮಾತೂ ಎಷ್ಟೆಷ್ಟು ಪೌಂಡು ತೂಗಿತು ಎಂಬುದೂ ಅರ್ಥವಾಯಿತು. ಆಕೆ ಮೊಣಕಾಲಿನ ಮಣ್ಣು ಕೊಡವಿ ಎದ್ದು ನಿಂತರು. ಎದ್ದು ನಿಂತಾಗ ಸಿರಿಲ್‌ಗಿಂತ ಒಂದು ಗೇಣು ಎತ್ತರವಿದ್ದರು.

ಇಷ್ಟರಲ್ಲಿ ಗೊರಕೆ ನಿಂತು ಬಾಗಿಲು ತೆರೆಯಿತು. ಬಿನ್ಸ್ ಕಣ್ಣುಜ್ಜುತ್ತ ಹೊರಬಂದರು. “ಏನಿದು ಸಂತೆ? ಓ, ಪಾಡ್ಮೋರ್! ಆರು ಸಾವಿರ ತಂದಿದೀರಾ? ಮಿಸ್ ಡಿಂಗ್ಲಿ, ನಿಮ್ಮ ಮಹನೀಯರು ಇನ್ನೂ ಬರಲಿಲ್ವಾ?”

“ಬಂದಿದಾರೆ” ಎಂದಳು ಎನಿಡ್. “ಸಿರಿಲ್, ಹೇಳು.”

ಸಿರಿಲ್ ಕೋಟು ಹಾಕಿಕೊಂಡು, ಕ್ಯಾಪು ತೆಗೆದ. “ಮಿಸ್ಟರ್ ಬಿನ್ಸ್, ನಿಮ್ಮ ಮನೆ ಕೊಳ್ಳೋದಕ್ಕೆ ನನ್ನಿಂದ ಆಗೋದಿಲ್ಲ. ಕ್ಷಮಿಸಿ.” ಮತ್ತೆ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡ. “ಈಗ ನಾನು ಪಾಡ್ಮೋರ್. ನಾನು ಕೊಳ್ತೀನಿ. ಮೊದಲು ಮಾತಾದ ಬೆಲೆಗೆ.”

ಮೂವರೂ ಸೇರಿ ವಿವರಿಸಿದ ಮೇಲೆ ಬಿನ್ಸರಿಗೆ ವಿಷಯ ತಲೆಗೆ ಹೋಯಿತು. ಆದರೆ ಮನಸ್ಸಿಗೆ ಹೋಗಲಿಲ್ಲ. “ಇವನಲ್ಲದಿದ್ರೆ ಇನ್ನೊಬ್ಬ ಬರ್ತಾನೆ. ಈಗ ಬೆಲೆ ದಿನಕ್ಕೊಂದು ಥರ ಏರ್ತಾ ಇದೆ. ಬೋರ್ಡು ಹಾಕಿಸ್ತೀನಿ. ಆರು ಸಾವಿರ ಅಂದ್ರೆ ಆರು ಸಾವಿರ.”

ಎನಿಡ್ ಮೋಟುಗೋಡೆಯ ಮೇಲೆ ಕೈಯೂರಿ ತಲೆ ತಗ್ಗಿಸಿದಳು. ಬಿನ್ಸ್ ಹೇಳಿದ್ದು ಸುಳ್ಳಾಗಿರಲಿಲ್ಲ.

ಆಗ ಮಿಸ್ ಡಿಂಗ್ಲಿ ಸಿರಿಲ್‌ನ ಕೈಯಿಂದ ಪತ್ರ ತೆಗೆದುಕೊಂಡರು. “ನನ್ನ ಕೃಪೆಯಿಂದ ಅಂತ ಬರೆದಿದೆ, ಆದ್ದರಿಂದ ಓದೋ ಅಧಿಕಾರ ನನಗಿದೆ” ಎಂದು ಒಡೆದು, ಬೀದಿಗೆಲ್ಲ ಕೇಳುವಂತೆ ಓದಿದರು.

“ಮಾನ್ಯರೆ, ತಮಗೆ ಎಲ್ಲಿ ಬೇಕಾದರೂ ಮನೆ ಸಿಗುತ್ತದೆ. ನಾವು ಇರುವ ಕಡೆ ನಲವತ್ತಾರು ಮೆಟ್ಟಿಲುಗಳಿವೆ. ಈ ಮನೆಗೆ ಒಂದೇ ಮೆಟ್ಟಿಲು, ಎತ್ತರ ಮುಕ್ಕಾಲು ಗೇಣು. ನಾನು ಅಳೆದು ನೋಡಿದ್ದೇನೆ. ಬಸ್ಸಿನಿಂದ ನೂರಾಹನ್ನೆರಡು ಹೆಜ್ಜೆ, ನಡುವೆ ಕೂರಲು ಎರಡು ಕಡೆ ಗೋಡೆ ಇದೆ. ನನ್ನ ಹೆಂಡತಿ ಫೆಬ್ರವರಿಯಿಂದ ಬೀದಿ ನೋಡಿಲ್ಲ. ಅವಳು ಏನನ್ನೂ ಕೇಳುವವಳಲ್ಲ, ಆದ್ದರಿಂದ ನಾನು ಕೇಳುತ್ತಿದ್ದೇನೆ. ತಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ. ನಿಮ್ಮ ನಾಯಿ ಬಹಳ ಮುದ್ದಾಗಿದೆ ಎಂದು ಕೇಳಿದೆ.”

ಮೊದಲ ಭಾನುವಾರದ ವಾಯುಸೇವನೆ ಎಂದರೆ ತನ್ನ ಮಂಡಿಗಾಗಿ ಮೆಟ್ಟಿಲು ಅಳೆಯುವುದಾಗಿತ್ತು ಎಂದು ಎನಿಡ್‌ಗೆ ಗೊತ್ತೇ ಇರಲಿಲ್ಲ. ಅವಳು ಕರವಸ್ತ್ರಕ್ಕಾಗಿ ಗಂಡನ ಜೇಬಿಗೆ ಕೈಹಾಕಿದಳು. ಅಕ್ಕಪಕ್ಕದ ಮನೆಗಳ ಪರದೆಗಳು ಒಂದೊಂದಾಗಿ ಅಲುಗಿದವು.

“ಎಲ್ಲ ಸರಿ, ಆದರೆ ವ್ಯವಹಾರ...” ಎಂದು ಬಿನ್ಸ್ ಶುರುಮಾಡಿದರು.

“ಅಮೋಸ್ ಬಿನ್ಸ್” ಎಂದರು ಮಿಸ್ ಡಿಂಗ್ಲಿ. “ಮೂವತ್ತು ವರ್ಷ ನಿಮ್ಮ ಅಂಗಡಿಯಲ್ಲಿ ಮಾಂಸ ತಗೊಂಡಿದೀನಿ. ಮೂವತ್ತು ವರ್ಷವೂ ತೂಗೋವಾಗ ತಕ್ಕಡಿ ಮೇಲೆ ನಿಮ್ಮ ಹೆಬ್ಬೆರಳು ಇರ್ತಿತ್ತು. ನಾನು ನೋಡ್ತಿದ್ದೆ. ಬೀದಿಯಲ್ಲಿ ಎಲ್ಲರೂ ನೋಡ್ತಿದ್ರು. ಒಬ್ಬರೂ ಬಾಯಿ ಬಿಡಲಿಲ್ಲ, ಮರ್ಯಾದೆ ಅಲ್ಲ ಅಂತ. ಇವತ್ತು ಬಿಡ್ತಾ ಇದೀನಿ.”

ಫರ್ನ್ ಲೇನಿನ ಇತಿಹಾಸದಲ್ಲಿ ಒಬ್ಬರು ಇನ್ನೊಬ್ಬರ ಮುಖದ ಮೇಲೆ ಮಾತಾಡಿದ್ದು ಅದೇ ಮೊದಲು. ಎದುರುಮನೆಯ ಕಿಟಕಿಯೊಂದು ತೆರೆದುಕೊಂಡು, “ಸರಿಯಾಗಿ ಹೇಳಿದ್ರಿ, ಮಿಸ್ ಡಿಂಗ್ಲಿ! ನಮ್ಮ ಕ್ರಿಸ್‌ಮಸ್ ಬಾತುಕೋಳಿಗೂ ಅದೇ ಹೆಬ್ಬೆರಳೇ!” ಎಂದಿತು. ಇನ್ನೂ ಎರಡು ಕಿಟಕಿಗಳು ತೆರೆಯುವ ಸದ್ದು ಕೇಳಿತು. ಬಿನ್ಸರ ಮುಖ ಅವರದೇ ಅಂಗಡಿಯ ಮಾಲಿನ ಬಣ್ಣಕ್ಕೆ ತಿರುಗಿತು. ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

“ಐದು ಸಾವಿರದ ಇನ್ನೂರು” ಎಂದರು ಮೆಲ್ಲಗೆ. “ಆದರೆ ಈ ಹೆಬ್ಬೆರಳಿನ ವಿಷಯ ಇಲ್ಲಿಗೇ ನಿಲ್ಲಬೇಕು.”

“ಕರಾರುಪತ್ರ ಅದಲುಬದಲು ಆದ ಕ್ಷಣ ನಿಲ್ಲತ್ತೆ” ಎಂದರು ಮಿಸ್ ಡಿಂಗ್ಲಿ. ಮತ್ತೆ ಎನಿಡ್ ಕಡೆ ತಿರುಗಿ, “ನಮಗೆ ಇನ್ನೂ ಪರಿಚಯವೇ ಆಗಿಲ್ಲ ನೋಡಿ. ಒಳಗೆ ಬನ್ನಿ, ಚಹಾ ಆಗಿದೆ” ಎಂದರು.

ಸೋಮವಾರ ಬೆಳಿಗ್ಗೆ ಮಿಸ್ ಡಿಂಗ್ಲಿಯವರು ಬಿನ್ಸರನ್ನು ತೋಳು ಹಿಡಿದು ಅವರ ವಕೀಲರಲ್ಲಿಗೆ ಕರೆತಂದರು. ಎದುರು ಕಚೇರಿಯಲ್ಲಿ ಸಿರಿಲ್ ಸಹಿ ಹಾಕಿ, ಕಾಗದವನ್ನು ತಾನೇ ಕೈಯಲ್ಲಿ ಹಿಡಿದು ಬೀದಿ ದಾಟಲು ಹೊರಟ. “ಇದು ಅಂಚೆಯಲ್ಲಿ ಹೋಗಬೇಕು! ಹೀಗೆಲ್ಲ ಕೈಯಲ್ಲಿ ತಗೊಂಡು ಹೋದ್ರೆ ಕಾನೂನು ಏನಾಗಬೇಕು? ಚರಂಡಿ ಗತಿ ಏನು?” ಎಂದು ಪೋಲ್‌ಗ್ರೀನ್ ಬಾಗಿಲವರೆಗೆ ಹಿಂದೆಯೇ ಓಡಿಬಂದರು. ಮೂರು ವಾರದಲ್ಲಿ ಆಗದ್ದು ಹನ್ನೊಂದು ನಿಮಿಷದಲ್ಲಿ ಮುಗಿಯಿತು.

ಬಿನ್ಸ್ ಮನೆ ಬಿಡುವಾಗ ಸುಮ್ಮನೆ ಹೋಗಲಿಲ್ಲ. ವಿದ್ಯುತ್ ಬಲ್ಬುಗಳನ್ನೆಲ್ಲ ಬಿಚ್ಚಿಕೊಂಡರು, ಕರೆಗಂಟೆ ಕಿತ್ತುಕೊಂಡರು, ಕಕ್ಕಸಿನ ಅರ್ಧ ಸುರುಳಿ ಕಾಗದವನ್ನೂ ಬಿಡಲಿಲ್ಲ. ಕಿಟಕಿಯ ಅಳತೆ ಕೊಟ್ಟವನು ಸಿರಿಲ್ ಆದ್ದರಿಂದ ಮಾಡ್ ಹೊಲಿದ ಪರದೆಗಳು ಅರ್ಧ ಅಡಿ ಗಿಡ್ಡವಾದವು. ಮಾಡ್ ಇವತ್ತಿಗೂ ಅವನೊಡನೆ ಆ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ. ಸ್ವೀಟ್ ಪೀ ಸಸಿಗಳು ಬೇಲಿ ಸಿಕ್ಕಿದ ಸಂಭ್ರಮದಲ್ಲಿ ಜುಲೈ ಹೊತ್ತಿಗೆ ಮಿಸ್ ಡಿಂಗ್ಲಿಯವರ ಕಡೆಗೂ ಇಳಿದು ಹೂ ಬಿಟ್ಟವು.

ಒಂದು ಮಧ್ಯಾಹ್ನ ಎನಿಡ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹಳೆಯ ಕೋಟನ್ನು ಬೂದು ದಾರದಲ್ಲಿ ಹೊಲಿಯಲು ತೆಗೆದಳು. ಜೇಬಿನಲ್ಲಿ ಹದಿನೇಳನೇ ನಮೂನೆ ಮಡಿಸಿಟ್ಟ ಹಾಗೇ ಇತ್ತು. ಸಿರಿಲ್ ಅದನ್ನು ಕಂಡು ಕಳವಳಪಟ್ಟ. ಭರ್ತಿಯಾಗದ ನಮೂನೆ ಹೊರಗಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. “ಕೆಳಗಿನ ಎರಡು ಸಾಲು ಖಾಲಿ ಇವೆ, ಎನಿಡ್. ವಸ್ತು ಸಿಕ್ಕಿದಾಗಿನ ಸ್ಥಿತಿ, ಮತ್ತೆ ಹಕ್ಕುದಾರರ ಸಹಿ” ಎಂದ.

ಎನಿಡ್ ಪೆನ್ಸಿಲ್ ಇಸಿದುಕೊಂಡು, ‘ಹಳೆಯದು, ಹೊಲಿಗೆ ಹಾಕಿದೆ, ಚೆನ್ನಾಗಿದೆ’ ಎಂದು ಬರೆದಳು. ಕೆಳಗೆ ತನ್ನ ಸಹಿ ಹಾಕಿದಳು. ಬೂದು ದಾರವನ್ನು ಡಬ್ಬಿಗೆ ಹಾಕಿ, ಕೋಟನ್ನು ಇದ್ದ ಹಾಗೇ ಗೂಟಕ್ಕೆ ನೇತುಹಾಕಿಸಿದಳು.